ಸರ್ಟಿಫಿಕೇಟಿಗೂ ಮೊದಲೇ ಮುಂದಿನ ಬೆಂಚು

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳ ಪಟ್ಟಿಯಲ್ಲಿ ತುಮಕೂರಿನದೊಂದು ಸಾಲು, ಮಧುಗಿರಿಯದೊಂದು ಸಾಲು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಶೈಕ್ಷಣಿಕ ಜಿಲ್ಲೆ ಅದು. ಈ ಸಲ ಎಷ್ಟನೇ ಸ್ಥಾನ, ಹೋದ ಸಲಕ್ಕಿಂತ ಮೇಲೋ ಕೆಳಗೋ ಎಂಬ ಮಾತು ನಾಲ್ಕೂ ಊರಲ್ಲಿ ನಡೆಯುತ್ತದೆ. ಆದರೆ ಅದು ಪರೀಕ್ಷೆ ಬರೆದವರ ಲೆಕ್ಕ. ಬೋರ್ಡಿನ ಅಕ್ಷರ ಕಾಣದೆ, ಮೇಷ್ಟ್ರ ಮಾತು ಕೇಳಿಸದೆ, ಮೆಟ್ಟಿಲು ಹತ್ತಲಾಗದೆ ಆರಕ್ಕೋ ಏಳಕ್ಕೋ ಶಾಲೆ ಬಿಟ್ಟ ಮಗು ಆ ಪಟ್ಟಿಯಲ್ಲಿ ಎಲ್ಲೂ ಸಿಗುವುದಿಲ್ಲ. ಅಂಥ ಮಗುವಿನ ಕೈ ಹಿಡಿದು ಹೆಡ್ ಮಾಸ್ಟರ ಕೊಠಡಿಯ ಮುಂದೆ ನಿಲ್ಲುವ ಅಪ್ಪ ಅಮ್ಮಂದಿರಿಗಾಗಿ ಈ ಲೇಖನ.

ಹಾಗೆ ನಿಂತವರ ಕಿವಿಗೆ ಬೀಳುವ ಮಾತು ಸಾಮಾನ್ಯವಾಗಿ ಎರಡು. ಒಂದು: ‘ಇಲ್ಲಿ ಆಗಲ್ಲಮ್ಮ, ತುಮಕೂರಿನ ಸ್ಪೆಷಲ್ ಸ್ಕೂಲಿಗೆ ಹಾಕಿ.’ ಇನ್ನೊಂದು: ‘ಮೊದಲು ಸರ್ಟಿಫಿಕೇಟ್ ಮಾಡಿಸ್ಕೊಂಡು ಬನ್ನಿ, ಆಮೇಲೆ ನೋಡೋಣ.’ ಮೊದಲನೆಯದು ತಪ್ಪೆಂದು ಈಗ ಹಲವರಿಗೆ ಗೊತ್ತು. ಎರಡನೆಯದನ್ನು ನ್ಯಾಯವೆಂದೇ ನಂಬಿ ಕಾಯುತ್ತಾ ಕೂರುವ ಮನೆಗಳು ಎಷ್ಟೋ. ಮಗುವಿನ ಓದಿಗೆ ದೊಡ್ಡ ಪೆಟ್ಟು ಬೀಳುವುದು ಈ ಕಾಯುವಿಕೆಯಲ್ಲೇ.

ಕಾನೂನು ಯಾರ ಪರ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಹಳೆಯ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದರೆ, ಇದು 21ನ್ನು ಗುರುತಿಸುತ್ತದೆ. ಆಟಿಸಂ, ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ತೊಂದರೆ ಎಲ್ಲವೂ ಈಗ ಒಳಗಿವೆ. ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆಯೂ ಭೇದ ಮಾಡದೆ ಮಗುವನ್ನು ಸೇರಿಸಿಕೊಳ್ಳಬೇಕು, ಕಟ್ಟಡ ಆ ಮಗುವಿನ ಬಳಕೆಗೆ ಒದಗಬೇಕು, ಅದರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು. ಊರಿನ ಸರ್ಕಾರಿ ಶಾಲೆಗೆ ಅನ್ವಯಿಸುವ ಈ ಮಾತು ಪಟ್ಟಣದ ಕಾನ್ವೆಂಟಿಗೂ ಅನ್ವಯಿಸುತ್ತದೆ.

ಸರ್ಟಿಫಿಕೇಟಿನಲ್ಲಿ ನೋಡುವ ಶೇ 40ರ ಅಂಗವೈಕಲ್ಯದ ಮಾತು ಬರುವುದು ಬೇರೆ ಕಡೆ. ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ ತನಗೆ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕನ್ನು 31ನೇ ಸೆಕ್ಷನ್ ಕೊಡುತ್ತದೆ. ಆಯ್ಕೆ ಮಗುವಿನದು, ಹೆತ್ತವರದು, ಶಾಲೆಯದಲ್ಲ. ತರಗತಿಯ ಹೊಂದಾಣಿಕೆಗೆ ಆ ಶೇ 40ರ ಗೆರೆ ಅಡ್ಡಬರಬಾರದು. ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಆ ಅಭ್ಯರ್ಥಿಗೆ, ಶೇ 40 ಇಲ್ಲವೆಂಬ ಕಾರಣಕ್ಕೆ ಬರಹಗಾರರ ನೆರವು ನಿರಾಕರಿಸುವುದು ಸಲ್ಲದು ಎಂದಿತು.

ಹೀಗಿರುವಾಗ ಮುಂದಿನ ಬೆಂಚಿಗೆ ಯಾವ ಸರ್ಟಿಫಿಕೇಟ್ ಬೇಕು? ಬೋರ್ಡಿನಲ್ಲಿ ಬರೆದದ್ದನ್ನು ಮೇಷ್ಟ್ರು ಗಟ್ಟಿಯಾಗಿ ಓದಿ ಹೇಳಲು, ನಡೆಯಲಾಗದ ಮಗುವಿನ ತರಗತಿಯನ್ನು ಮಹಡಿಯಿಂದ ಕೆಳಗಿನ ಕೊಠಡಿಗೆ ತರಲು, ಕಿರುಪರೀಕ್ಷೆಯಲ್ಲಿ ಇನ್ನಷ್ಟು ಹೊತ್ತು ಕೊಡಲು ಯಾವ ವೈದ್ಯರ ಮೊಹರೂ ಬೇಡ.

ಅರ್ಜಿ ಬರೆಯುವ ಬಗೆ

ಬಾಯಿಮಾತಿನಲ್ಲಿ ಕೇಳಿದ್ದು ಹೆಡ್ ಮಾಸ್ಟರು ವರ್ಗವಾದ ಕೂಡಲೇ ಮರೆತುಹೋಗುತ್ತದೆ. ಅದಕ್ಕೇ ಬರೆದು ಕೊಡಬೇಕು. ‘ನನ್ನ ಮಗುವಿಗೆ ದಯವಿಟ್ಟು ಸಹಾಯ ಮಾಡಿ’ ಎಂದಷ್ಟೇ ಬರೆದರೆ ಓದಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹೀಗೆ ಬರೆಯಿರಿ:

‘ನನ್ನ ಮಗಳು 4ನೇ ತರಗತಿಯಲ್ಲಿದ್ದಾಳೆ. ಮೂರನೇ ಸಾಲಿನಿಂದ ಆಚೆ ಕೂತರೆ ಅವಳಿಗೆ ಬೋರ್ಡು ಕಾಣುವುದಿಲ್ಲ. ಮಧ್ಯಾಹ್ನ ಕಿಟಕಿಯ ಬಿಸಿಲು ಬೋರ್ಡಿಗೆ ಹೊಡೆದಾಗ ಮೊದಲ ಸಾಲಿನಿಂದಲೂ ಕಾಣದು. ಆದ್ದರಿಂದ, 1. ಮೊದಲ ಸಾಲಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಕು. 2. ಬೋರ್ಡಿನಲ್ಲಿ ಬರೆದದ್ದನ್ನು ಓದಿ ಹೇಳಬೇಕು. 3. ಪ್ರಶ್ನೆಪತ್ರಿಕೆಯನ್ನು ದೊಡ್ಡ ಅಕ್ಷರದಲ್ಲಿ ಕೊಡಬೇಕು.’

ಕೆಳಗೆ 2016ರ ಕಾಯ್ದೆಯ 16ನೇ ಸೆಕ್ಷನ್ ಎಂದು ಒಂದು ಸಾಲು ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಮೊಹರು, ಸಹಿ, ತಾರೀಕು ಹಾಕಿಸಿಕೊಂಡು ಮನೆಯಲ್ಲಿಡಿ. ಒಂದೆರಡು ವಾರ ಕಳೆದರೂ ಏನೂ ಆಗದಿದ್ದರೆ ಅದೇ ಪ್ರತಿ ಬಿಇಒ ಕಚೇರಿಗೆ, ಅಲ್ಲಿಂದ ಮಧುಗಿರಿಯ ಡಿಡಿಪಿಐ ಕಚೇರಿಗೆ, ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ಹೋಗಲಿ.

ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರನ್ನೂ ಕಾಣಿ. ಸಮಗ್ರ ಶಿಕ್ಷಣ ಯೋಜನೆಯಡಿ ವೈದ್ಯಕೀಯ ಶಿಬಿರಕ್ಕೆ ಹೆಸರು ಸೇರಿಸುವುದು, ಶ್ರವಣಸಾಧನ, ಗಾಲಿಕುರ್ಚಿಯಂಥವನ್ನು ಕೊಡಿಸುವುದು, ಹಾಸಿಗೆ ಹಿಡಿದ ಮಗುವಿಗೆ ಗೃಹಾಧಾರಿತ ಶಿಕ್ಷಣ ನೀಡುವುದು ಅವರ ಕೆಲಸ. ಒಂದು ಎಚ್ಚರಿಕೆ ಇರಲಿ. ಬಹು ಮತ್ತು ತೀವ್ರ ಅಂಗವೈಕಲ್ಯದ ಮಕ್ಕಳು ಬಯಸಿದರೆ ಮನೆಯಲ್ಲೇ ಕಲಿಯಬಹುದೆಂದು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ಶಾಲೆಗೆ ರ್‍ಯಾಂಪ್ ಇಲ್ಲವೆಂದು ಮಗುವನ್ನು ಮನೆಯಲ್ಲಿ ಕೂರಿಸಲು ಅದನ್ನು ನೆಪ ಮಾಡಿಕೊಳ್ಳಲು ಬಿಡಬೇಡಿ.

ದೂರ ಮತ್ತು ಭಾಷೆ

ತರಗತಿಯ ಹೊಂದಾಣಿಕೆಗೆ ಬೇಡವೆಂದ ಮಾತ್ರಕ್ಕೆ ಸರ್ಟಿಫಿಕೇಟ್ ಯಾವುದಕ್ಕೂ ಬೇಡವೆಂದಲ್ಲ. ಮಾಸಾಶನ, ಬಸ್ ಪಾಸು, ಯುಡಿಐಡಿ ಕಾರ್ಡು, ಮುಂದಿನ ಮೀಸಲಾತಿ ಎಲ್ಲಕ್ಕೂ ಅದು ಬೇಕು. ಆದರೆ ಶಾಲೆಯ ಮಟ್ಟಿಗೆ ಮಧುಗಿರಿ ಜಿಲ್ಲಾ ಕೇಂದ್ರವಾದರೂ ಜಿಲ್ಲಾಸ್ಪತ್ರೆ ಇರುವುದು ತುಮಕೂರಿನಲ್ಲಿ. ಪಾವಗಡದಿಂದ ಅದು ಸುಮಾರು 100 ಕಿ.ಮೀ. ಕೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು ಬಸ್ ಹತ್ತಿದವರಿಗೆ ‘ಡಾಕ್ಟ್ರು ಇವತ್ತಿಲ್ಲ, ಇನ್ನೊಂದು ದಿನ ಬನ್ನಿ’ ಎಂಬ ಮಾತು ಎಷ್ಟು ದುಬಾರಿ ಎಂದು ಹೇಳಬೇಕಿಲ್ಲ. ತಜ್ಞರು ತಾಲ್ಲೂಕು ಕೇಂದ್ರಕ್ಕೇ ನಿಗದಿತ ದಿನ ಬಂದು ಪರೀಕ್ಷಿಸುವ ಏರ್ಪಾಡು ಈ ನಾಲ್ಕು ತಾಲ್ಲೂಕಿನ ನ್ಯಾಯವಾದ ಬೇಡಿಕೆ.

ಇನ್ನೊಂದು ತೊಡಕು ಗಡಿಯದು. ಪಾವಗಡದ ಅನೇಕ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಮಗು ಕನ್ನಡ ಓದಲು ತಡವರಿಸಿದರೆ ‘ತೆಲುಗು ಮನೆಯ ಮಗು, ನಿಧಾನ ಬರುತ್ತೆ’ ಎಂದು ಕಲಿಕಾ ನ್ಯೂನತೆಯನ್ನೇ ಗಮನಿಸದೆ ಬಿಡಬಹುದು. ಬರೀ ಭಾಷೆಯ ತೊಡಕಿರುವ ಮಗುವಿಗೆ ‘ಮಂದಬುದ್ಧಿ’ ಎಂಬ ಹಣೆಪಟ್ಟಿಯೂ ಬೀಳಬಹುದು. ಮಗುವನ್ನು ಮನೆಮಾತಿನಲ್ಲೇ ಮಾತಾಡಿಸಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಅಂಥ ಪರೀಕ್ಷೆಯನ್ನು ಹೆತ್ತವರು ಕೇಳಬಹುದು, ಕೇಳಬೇಕು.

ಎಸ್ಸೆಸ್ಸೆಲ್ಸಿಗೆ ಬರಹಗಾರರ ನೆರವು, ಹೆಚ್ಚುವರಿ ಸಮಯ, ಕೆಲವು ಬಗೆಯ ಅಂಗವೈಕಲ್ಯಕ್ಕೆ ಭಾಷಾ ವಿನಾಯಿತಿ ಇವೆ. ಅರ್ಜಿ ಹೋಗುವುದು ಶಾಲೆಯ ಮೂಲಕ, ವೈದ್ಯಕೀಯ ದಾಖಲೆಯೊಂದಿಗೆ. ಹತ್ತನೇ ತರಗತಿಯ ಕೊನೆಯಲ್ಲಿ ಓಡಾಡಿದರೆ ಕೈಗೂಡದು; ಎಂಟರಲ್ಲೇ ಶುರು ಮಾಡಿ.

ಮೇಷ್ಟ್ರ ಕಷ್ಟವೂ ಇದೆ

ಒಬ್ಬರೇ ಮೂರು ತರಗತಿ ನೋಡಿಕೊಳ್ಳುವ ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ವಿಶೇಷ ಶಿಕ್ಷಕರ ಕೊರತೆಯ ಬಗ್ಗೆ 2021ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಎಂಬ ಪ್ರಮಾಣ ನಿಗದಿಯಾಗಿದೆ. ಮಕ್ಕಳ ಸಂಖ್ಯೆ ದಾಖಲೆಯಲ್ಲಿ ಕಾಣದಿದ್ದರೆ ಹುದ್ದೆ ಎಲ್ಲಿಂದ ಬರಬೇಕು? ನೀವು ಕೊಡುವ ಅರ್ಜಿ ಆ ಮೇಷ್ಟ್ರ ಕೈಗೂ ಬಲ.

ಅಂಗವಿಕಲ ಮಕ್ಕಳ ಹೆತ್ತವರಿಗೆ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಪ್ರಾತಿನಿಧ್ಯ ಸಿಗಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯ ಆಶಯ. ಜೂನ್‌ನ ಮೊದಲ ಸಭೆಗೇ ಹೋಗಿ. ನಮ್ಮ ಶಾಲೆಯಲ್ಲಿ ಇಂಥ ಮಕ್ಕಳೆಷ್ಟು, ಯಾರಿಗೆ ಏನು ಬೇಕು, ಯಾವ ತಿಂಗಳೊಳಗೆ ಮಾಡುತ್ತೀರಿ ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ನಿಮ್ಮ ಸಹಿ ಹಾಕಿಯೇ ಎದ್ದು ಬನ್ನಿ.