ಕಾಟ್ಲಿನ್ ಪಾಠದಲ್ಲಿ ಎರಡು ಬಗೆಯ ‘ಇಲ್ಲ’

ಜಾವಾ ಕಲಿತು ಬಂದವರು ಕಾಟ್ಲಿನ್‌ನಲ್ಲಿ ಗೇಮ್ ಬರೆಯಲು ಕೂತರೆ ಮೊದಲು ತೊಡಕಾಗುವುದು ಪ್ರಶ್ನಾರ್ಥಕ ಚಿಹ್ನೆ. ‘ಸ್ಟ್ರಿಂಗ್’ ಎಂದು ಘೋಷಿಸಿದರೆ ಅಲ್ಲಿ ಬೆಲೆ ಇರಲೇಬೇಕು, ‘ಸ್ಟ್ರಿಂಗ್?’ ಎಂದರೆ ಮಾತ್ರ ‘ನಲ್’ ಇರಬಹುದು. ಇದನ್ನು ಸೂಕ್ಷ್ಮ ಬೋಧನೆಯಲ್ಲಿ ಸಹಪಾಠಿಗಳಿಗೆ ವಿವರಿಸಲು ನಮ್ಮ ಕಡೆಯ ದಾರಿಯನ್ನೇ ಒಂದು ಗೇಮ್ ಮಾಡಿಕೊಂಡೆ. ಆಟಗಾರ ಸಿಂಧನೂರಿನಲ್ಲಿ ಬಸ್ ಹತ್ತಿ, ಮಸ್ಕಿಯಲ್ಲಿ ಇಳಿದು ಅಶೋಕನ ಶಾಸನ ನೋಡಿ, ಲಿಂಗಸುಗೂರಿಗೆ ಹೋಗುತ್ತಾನೆ. ಮುಂದಿನ ಹಂತ ಕೊಪ್ಪಳ.

ಪ್ರತಿ ಶಾಸನವೂ ಒಂದು ಆಬ್ಜೆಕ್ಟ್. ಅದರಲ್ಲಿ ‘ರಾಜನ ಹೆಸರು’ ಎಂಬ ಪ್ರಾಪರ್ಟಿ ಇದೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದೆ. ಅದಕ್ಕೂ ಮೊದಲು ಸಿಕ್ಕಿದ್ದವುಗಳಲ್ಲಿ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಷ್ಟೇ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳಲ್ಲೂ ಆ ಹೆಸರಿಲ್ಲ. ಹಾಗಾಗಿ ಇಲ್ಲಿ ‘ನಲ್’ ದೋಷವಲ್ಲ, ಅದೇ ನಿಜವಾದ ಉತ್ತರ. ಕೆಲವರು ಖಾಲಿ ಸ್ಟ್ರಿಂಗ್ ಇಟ್ಟು ಸುಮ್ಮನಾಗುತ್ತಾರೆ. ಆಗ ಪರದೆಯ ಮೇಲೆ ‘ಹೆಸರು:’ ಎಂದು ಬಂದು ಮುಂದೆ ಏನೂ ಇರುವುದಿಲ್ಲ, ಕಂಪೈಲರ್ ಕೂಡ ಎಚ್ಚರಿಸುವುದಿಲ್ಲ. ‘ಸ್ಟ್ರಿಂಗ್?’ ಎಂದಿಟ್ಟು ನೇರವಾಗಿ ಹೆಸರಿನ ಉದ್ದ ಕೇಳಿದರೆ ಕಂಪೈಲರ್ ತಡೆಯುತ್ತದೆ. ‘?.’ ಬಳಸಿದರೆ ಹೆಸರಿದ್ದಾಗ ಮಾತ್ರ ಉದ್ದ ಸಿಗುತ್ತದೆ, ಇಲ್ಲವಾದರೆ ನಲ್. ‘?:’ ಬಳಸಿ ‘ಬಿರುದು ಮಾತ್ರ ಇದೆ’ ಎಂಬ ಬದಲಿ ಉತ್ತರ ಕೊಡಬಹುದು.

ಶಾಸನದ ಚಿತ್ರದ ಕಥೆ ಬೇರೆ. ಲಿಬ್‌ಜಿಡಿಎಕ್ಸ್‌ನಲ್ಲಿ ಗ್ರಾಫಿಕ್ಸ್ ಸಿದ್ಧವಾದ ಮೇಲೆ ‘ಕ್ರಿಯೇಟ್’ ಫಂಕ್ಷನ್ ಕರೆಯಲ್ಪಡುತ್ತದೆ. ಚಿತ್ರವನ್ನು ಅದಕ್ಕಿಂತ ಮೊದಲು ತುಂಬಲಾಗದು. ಗೇಮ್ ಆಬ್ಜೆಕ್ಟ್ ಹುಟ್ಟುವಾಗ ಚಿತ್ರವಿಲ್ಲ, ಆದರೆ ಪರದೆಗೆ ಬಿಡಿಸುವ ಹೊತ್ತಿಗೆ ಇರಲೇಬೇಕು. ಇದಕ್ಕಿರುವುದು ‘ಲೇಟ್‌ಇನಿಟ್ ವಾರ್’. ಬಳಸುವ ಮುನ್ನ ತುಂಬುತ್ತೇನೆ ಎಂದು ನಾವು ಕಂಪೈಲರ್‌ಗೆ ಕೊಡುವ ಮಾತು ಅದು. ಮಾತು ತಪ್ಪಿದರೆ ಗೇಮ್ ನಿಲ್ಲುತ್ತದೆ, ಯಾವ ಪ್ರಾಪರ್ಟಿ ತುಂಬಿಲ್ಲವೆಂದು ಹೆಸರು ಹಿಡಿದು ಹೇಳುತ್ತದೆ. ಹಾಗೆ ನಿಲ್ಲುವುದೇ ಒಳ್ಳೆಯದು. ಚಿತ್ರವಿಲ್ಲದೆ ಓಡುವ ಗೇಮ್‌ನಲ್ಲಿ ದೋಷ ಹುಡುಕುವುದು ಇನ್ನೂ ಕಷ್ಟ.

ಬೋಧಿಸುವಾಗ ಗಮನಿಸಬೇಕಾದದ್ದು ‘!!’ ಚಿಹ್ನೆಯನ್ನು. ಕೆಂಪು ಗೆರೆ ಹೋಗಲೆಂದು ಕಲಿಯುವವರು ಅದನ್ನು ಹಾಕಿಬಿಡುತ್ತಾರೆ. ಮಸ್ಕಿಯಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ, ಕೊಪ್ಪಳ ಬಂದಾಗ ಗೇಮ್ ಬೀಳುತ್ತದೆ. ಆದ್ದರಿಂದ ಪರೀಕ್ಷಿಸಲು ಹೆಸರಿಲ್ಲದ ಒಂದು ಶಾಸನವನ್ನು ಮೊದಲೇ ಕೊಡುವುದು ಲೇಸು.

ಮೌಲ್ಯಮಾಪನಕ್ಕೆ ಮೂರು ಪ್ರಾಪರ್ಟಿ ಕೊಟ್ಟೆ: ಅಂಕ, ಅಕ್ಷರದ ಫಾಂಟ್, ಆಟಗಾರ ಕೂತಿರುವ ಬಸ್. ಅಂಕ ಸೊನ್ನೆಯಿಂದ ಶುರುವಾಗುತ್ತದೆ. ‘ಇಂಟ್’ಗೆ ಲೇಟ್‌ಇನಿಟ್ ಹೇಗೂ ನಡೆಯದು. ಫಾಂಟ್ ಲೇಟ್‌ಇನಿಟ್ ಎಂದು ಎಲ್ಲರೂ ಒಪ್ಪಿದರು. ಬಸ್ಸಿನ ಬಗ್ಗೆ ಮಾತ್ರ ವಾದವಾಯಿತು. ಸಿಂಧನೂರಿನಲ್ಲಿ ಹತ್ತಿಯೇ ಹತ್ತುತ್ತಾನೆ, ಲೇಟ್‌ಇನಿಟ್ ಸಾಕು ಎಂದರು ಒಬ್ಬರು. ಮಸ್ಕಿಯಲ್ಲಿ ಇಳಿದು ಬೆಟ್ಟದ ಕಡೆ ನಡೆಯುವಾಗ ಯಾವ ಬಸ್ಸಿನಲ್ಲಿದ್ದಾನೆ ಎಂದು ಇನ್ನೊಬ್ಬರು ಕೇಳಿದರು. ಲೇಟ್‌ಇನಿಟ್ ಒಮ್ಮೆ ತುಂಬಿದರೆ ಮತ್ತೆ ಖಾಲಿ ಮಾಡಲಾಗದು. ಕಪ್ಪು ಹಲಗೆಯ ಮೇಲೆ ‘ಬಸ್’ ಪಕ್ಕಕ್ಕೆ ಪ್ರಶ್ನಾರ್ಥಕ ಚಿಹ್ನೆ ಬರೆದವರು ಮೊದಲು ವಾದಿಸಿದವರೇ.