ಬಳಪದ ಕಲ್ಲಿನ ಕಿರುಶಿಖರಗಳು

ಬಾಣಾವರದ ಸುತ್ತಮುತ್ತಲಿನ ಭಕ್ತ ಕುಟುಂಬಗಳಿಗೆ ಹೊಯ್ಸಳರ ದೇಗುಲಗಳು ದೂರದ ಯಾತ್ರಾಸ್ಥಳಗಳಲ್ಲ. ಒಂದು ಕಡೆಗೆ ಅರಸೀಕೆರೆಯ ಶಿವಾಲಯ, ಇನ್ನೊಂದು ಕಡೆಗೆ ಜಾವಗಲ್ಲಿನ ಮಾರ್ಗವಾಗಿ ಹಳೇಬೀಡು, ಅಲ್ಲಿಂದ ಮುಂದಕ್ಕೆ ಬೇಲೂರು. ಮದುವೆಯ ದಿಬ್ಬಣಕ್ಕೆ ಹೋದವರೂ ಬಂಧುಗಳನ್ನು ಕಾಣಹೋದವರೂ ದಾರಿಯಲ್ಲಿಳಿದು ದರ್ಶನ ಪಡೆದು ಬರುವುದುಂಟು. ಹಾಗೆ ಹೋದಾಗ ನಾವು ಹಿರಿದಾದುದನ್ನೇ ನೋಡುತ್ತೇವೆ: ಬೃಹತ್ ನಂದಿ, ಆಳೆತ್ತರದ ದ್ವಾರಪಾಲಕರು, ಆನೆಗಳ ಉದ್ದನೆಯ ಸಾಲು. ಗೋಡೆಯ ಮೇಲೆ ಮೊಳದುದ್ದದೊಳಗೇ ಅಡಗಿರುವ ಕಿರುಶಿಖರಗಳ ಮುಂದೆ ನಿಲ್ಲುವವರು ವಿರಳ.

ಅರಸೀಕೆರೆಯ ಈಶ್ವರ ದೇವಾಲಯ 1220ರ ಕಾಲದ್ದು. ಅಲ್ಲಿಯೂ, ಅದೇ ತಾಲ್ಲೂಕಿನ ಹಾರನಹಳ್ಳಿ ಮತ್ತು ಜಾವಗಲ್ಲುಗಳ 13ನೆಯ ಶತಮಾನದ ಗುಡಿಗಳಲ್ಲಿಯೂ ಹೊರಗೋಡೆಯನ್ನು ನಿಧಾನವಾಗಿ ಗಮನಿಸಬೇಕು. ಗೋಡೆಗೆ ಅಂಟಿದಂತೆ ಕಡೆದ ತೆಳುಗಂಬಗಳು ನಿಂತಿವೆ. ಅವುಗಳ ತಲೆಯ ಮೇಲೆ ಪುಟ್ಟ ಗೋಪುರಗಳು ಕುಳಿತಿವೆ. ಪ್ರತಿಯೊಂದರಲ್ಲಿಯೂ ಒಂದರ ಮೇಲೊಂದು ಕಿರಿದಾಗುತ್ತ ಹೋಗುವ ಅಂತಸ್ತುಗಳು, ತುದಿಯಲ್ಲಿ ಕಲಶ. ಇವು ಬರಿಯ ಅಲಂಕಾರವಲ್ಲ. ದೇವಾಲಯದ ಮೈಮೇಲೆಯೇ ಕಡೆದ ದೇವಾಲಯದ ಮಾದರಿಗಳು.

ಈ ಮಾದರಿಗಳಿಗೆ ಇಂದು ಇನ್ನೊಂದು ಬೆಲೆಯೂ ಬಂದಿದೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠಾಪಿತವಾಯಿತು. ಅದರ ಮೇಲಿದ್ದ ಶಿಖರವನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಕೆಳಗಿಳಿಸಲಾಯಿತು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಮೇಲೆಯೂ ಶಿಖರಗಳಿಲ್ಲ. ಸ್ಕಾಟ್ಲೆಂಡಿನ ವಿದ್ವಾಂಸ ಜೇಮ್ಸ್ ಫರ್ಗುಸನ್ 1876ರ ತಮ್ಮ ಗ್ರಂಥದಲ್ಲಿ ಹಳೇಬೀಡಿನ ಗುಡಿ ಶಿಖರಸಮೇತವಾಗಿ ಹೇಗೆ ಕಾಣುತ್ತಿದ್ದಿರಬಹುದೆಂದು ಊಹಿಸಿ ಚಿತ್ರವನ್ನೇ ಕೊಟ್ಟರು. ಊಹೆಗೆ ಆಧಾರ ಬೇಕಷ್ಟೆ. ಅರಸೀಕೆರೆಯಂತೆ ಶಿಖರವನ್ನು ಉಳಿಸಿಕೊಂಡಿರುವ ಗುಡಿಗಳು ಒಂದು ಆಧಾರ. ಬೇಲೂರಿನ ಮೆಟ್ಟಿಲುಗಳ ಇಕ್ಕೆಲಗಳಲ್ಲಿ ನಿಂತಿರುವ ಚಿಕ್ಕ ಗುಡಿಗಳು ಮತ್ತು ಗೋಡೆಗಳ ಕಿರುಶಿಖರಗಳು ಇನ್ನೊಂದು. ದೊಡ್ಡದು ಅಳಿದ ಮೇಲೆ ಅದರ ರೂಪವನ್ನು ಹೇಳಲು ಚಿಕ್ಕದು ಉಳಿದಿದೆ.

ಹೊರನಾಡುಗಳಲ್ಲಿಯೂ ಇದಕ್ಕೆ ಸಾದೃಶ್ಯವುಂಟು. ಇಂಗ್ಲೆಂಡಿನಲ್ಲಿ 17ನೆಯ ಶತಮಾನದಿಂದ ಯುದ್ಧನೌಕೆಗಳ ಮರದ ಮಾದರಿಗಳನ್ನು ಮಾಡುತ್ತಿದ್ದರು. ಅವುಗಳಲ್ಲಿ ಅನೇಕವು ನಿಜವಾದ ಹಡಗಿನ 48ನೆಯ ಒಂದು ಪಾಲಿನ ಅಳತೆಯವು. ಅಂದರೆ ಹಡಗಿನ ಒಂದು ಅಡಿ ಮಾದರಿಯಲ್ಲಿ ಕಾಲು ಅಂಗುಲ. ಆ ಕಾಲದ ಹಡಗುಗಳು ಕಣ್ಮರೆಯಾದವು. ಗ್ರೀನಿಚ್‌ನ ವಸ್ತುಸಂಗ್ರಹಾಲಯದಲ್ಲಿ ಮಾದರಿಗಳು ಉಳಿದಿವೆ. ಇಂದಿಗೂ ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗಗಳಿಂದ ಹಾಯಿಹಡಗನ್ನು ಜೋಡಿಸುವ ಹವ್ಯಾಸಿಗಳು ಜಗತ್ತಿನಾದ್ಯಂತ ಇದ್ದಾರೆ. ಒಡಲನ್ನು ಕೂಡಿಸಿದ ಬಳಿಕವೂ ಹಗ್ಗ, ರಾಟೆ, ಲಂಗರುಗಳಂಥ ಸಣ್ಣ ಕೆಲಸಗಳು ಅವರಿಗೆ ಬಹುಕಾಲ ಉಳಿದೇ ಇರುತ್ತವೆ.

ಸಣ್ಣ ಕೆಲಸದ ತೊಡಕು ಯಾವುದು? ಅಳತೆಯನ್ನು ಕುಗ್ಗಿಸಬಹುದು, ಆದರೆ ಉಳಿಯ ಮೊನೆಯನ್ನೂ ಬೆರಳನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಲಾಗದು. ಎರಡು ಅಂಗುಲ ದಪ್ಪದ ಹಗ್ಗ ಆ ಮಾದರಿಯಲ್ಲಿ ದಾರದಷ್ಟಾಗುತ್ತದೆ. ಅದರ ಮೇಲಿನ ಗಂಟು ಕಾಣಿಸದಷ್ಟಾಗುತ್ತದೆ. ಆದುದರಿಂದ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲಾಗದು ಎಂಬ ವಿವೇಚನೆಯೇ ಮುಖ್ಯ. ಹೊಯ್ಸಳ ಶಿಲ್ಪಿ ಕಿರುಶಿಖರದಲ್ಲಿ ಒಳಗಿನ ಹೂಬಳ್ಳಿಗಳನ್ನು ಕಡಿಮೆ ಮಾಡಿದ. ಅಂತಸ್ತುಗಳ ಏರಿಕೆ, ಹೊರಗೆರೆ, ಕಲಶ ಇವನ್ನು ಬಿಡಲಿಲ್ಲ. ನಾಲ್ಕು ಮಾರು ದೂರದಿಂದಲೂ ಅದು ಶಿಖರವೆಂದು ತಿಳಿಯುವುದು ಈ ವಿವೇಚನೆಯಿಂದಲೇ.

ಎಲ್ಲಿ ಅವಕಾಶವಿತ್ತೋ ಅಲ್ಲಿ ಆತ ಜಿಪುಣತನ ತೋರಲಿಲ್ಲ. ಬೇಲೂರಿನ ಒಂದು ಮದನಿಕೆಯ ತಲೆಯ ಮೇಲಣ ಬಳ್ಳಿಚಪ್ಪರದಲ್ಲಿ ಹಣ್ಣೊಂದರ ಮೇಲೆ ನೊಣ ಕುಳಿತಿದೆ. ಅದನ್ನು ಹಿಡಿಯಲು ಹಲ್ಲಿ ಹೊಂಚುತ್ತಿದೆ. ಇದಕ್ಕೆ ನೆರವಾದುದು ಬಳಪದ ಕಲ್ಲು. ಮೃದುವಾದ ಈ ಕಲ್ಲು ಸೂಕ್ಷ್ಮವಾದ ಗೆರೆಯನ್ನೂ ತಾಳಿಕೊಳ್ಳುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನಂಥ ಶಿಲ್ಪಿಗಳು ತಮ್ಮ ಕೃತಿಯ ಅಡಿಯಲ್ಲಿ ಹೆಸರನ್ನೂ ಕೆತ್ತಿ ಹೋಗಿದ್ದಾರೆ.

ಬೇಲೂರು ಹಳೇಬೀಡುಗಳಲ್ಲಿ ಉಳಿಯ ಸದ್ದು ಕೇಳುತ್ತಿದ್ದ ಅದೇ 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರು ಕಾಯಕತತ್ತ್ವವನ್ನು ಸಾರಿದರು. ಸ್ಥಾವರಕ್ಕಿಂತ ಜಂಗಮಕ್ಕೆ ಅವರು ಹಿರಿಮೆಯಿತ್ತರೆಂಬುದನ್ನು ನಾವು ಬಲ್ಲೆವು. ಆದರೆ ಬುಟ್ಟಿ ಹೆಣೆದ ಮೇದಾರ ಕೇತಯ್ಯ, ಹಗ್ಗ ಹೊಸೆದ ನುಲಿಯ ಚಂದಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ ಇವರನ್ನು ನೆನೆಯುವ ನಾವು, ಯಾರೂ ಗಮನಿಸದ ಮೂಲೆಯಲ್ಲಿಯೂ ಕೆಲಸ ಕೆಡದಂತೆ ನೋಡಿಕೊಂಡ ಶಿಲ್ಪಿಯ ಪ್ರಾಮಾಣಿಕತೆಯನ್ನು ಕಾಯಕದ ಕಣ್ಣಿನಿಂದಲೇ ಕಾಣಬಹುದು. ಶ್ರದ್ಧೆಗೆ ಸಾಕ್ಷಿ ಬೇಕಿಲ್ಲ.

ಮಕ್ಕಳಿಗೆ ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿಸುವುದು ಮೇಲು. ಅರಸೀಕೆರೆಯ ತೆರೆದ ಮಂಟಪದ ತಳವಿನ್ಯಾಸ 16 ಮೂಲೆಗಳ ನಕ್ಷತ್ರ. ಅಂಥ ನಕ್ಷತ್ರವನ್ನು ಮನೆಯಲ್ಲಿಯೇ ಮೂಡಿಸಬಹುದು. ದಪ್ಪ ರಟ್ಟಿನಲ್ಲಿ 10 ಸೆಂಟಿಮೀಟರಿನ ನಾಲ್ಕು ಚೌಕಗಳನ್ನು ಕತ್ತರಿಸಿ, ನಡುವೆ ಗುಂಡುಸೂಜಿ ಚುಚ್ಚಿ ಒಂದರ ಮೇಲೊಂದಿಡಿ. ಒಂದು ಕಾಗದದ ಮೂಲೆಯನ್ನು ಎರಡು ಬಾರಿ ಮಡಿಚಿದರೆ ಲಂಬಕೋನದ ಕಾಲುಭಾಗ, ಅಂದರೆ 22.5 ಡಿಗ್ರಿ ದೊರೆಯುತ್ತದೆ. ಪ್ರತಿ ಚೌಕವನ್ನೂ ಅದರ ಕೆಳಗಿನ ಚೌಕಕ್ಕಿಂತ ಅಷ್ಟು ತಿರುಗಿಸಿದರೆ 16 ಮೂಲೆಗಳ ನಕ್ಷತ್ರ ಮೂಡುತ್ತದೆ. ಇದೇ ಕ್ರಮದಲ್ಲಿ 8, 6, 4 ಸೆಂಟಿಮೀಟರಿನ ಚೌಕಗಳಿಂದ ಅಂತಸ್ತುಗಳನ್ನು ಏರಿಸಿ, ತುದಿಗೆ ಮಣಿಯೊಂದನ್ನು ಕಲಶವಾಗಿ ಇರಿಸಬಹುದು. ಕೈಯಾಡದ ಸಂದುಗಳಿಗೆ ಜೋಡಿಸುವ ಮುನ್ನವೇ ಬಣ್ಣ ಹಚ್ಚಬೇಕು. ಗೋಂದನ್ನು ಕಡ್ಡಿಯ ತುದಿಯಿಂದ ಮುಟ್ಟಿಸಿದಷ್ಟೇ ಸಾಕು. ಹೆಚ್ಚಾದರೆ ಮೂಲೆಗಳ ಮೊನಚು ಮುಚ್ಚಿಹೋಗುತ್ತದೆ. ಚಿಕ್ಕ ತುಂಡುಗಳನ್ನು ಚಿಮುಟದಿಂದ ಹಿಡಿಯಬೇಕು. ಒಂದು ಅಂತಸ್ತು ಒಣಗುವವರೆಗೆ ಮುಂದಿನದನ್ನು ಮುಟ್ಟಬಾರದು. ಮಕ್ಕಳಿಗೆ ಕಷ್ಟವಾಗುವುದು ಕತ್ತರಿಸುವುದಲ್ಲ, ಈ ಕಾಯುವಿಕೆ.

ಹೀಗೆ ಒಮ್ಮೆ ರಟ್ಟಿನಲ್ಲಿ ಮಾಡಿದ ಮಗು ಗುಡಿಯ ಗೋಡೆಯನ್ನು ಗೀಚಲಾರದು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ಗೌರವದಿಂದ ಕಲ್ಲು ಗಡುಸಾಗದು. ಬಳಪದ ಕಲ್ಲಿನ ಮೃದುತ್ವವೇ ಅದರ ಅಪಾಯವೂ ಹೌದು. ಎಣ್ಣೆಗೈಯಿಂದ ಸವರುವುದು, ಕುಂಕುಮ ಮೆತ್ತುವುದು, ನಾಣ್ಯದಿಂದ ಗೀರುವುದು, ಚಿತ್ರ ತೆಗೆಸಿಕೊಳ್ಳಲೆಂದು ಶಿಲ್ಪಕ್ಕೆ ಒರಗುವುದು, ಇವೆಲ್ಲದರಿಂದ ಮೊದಲು ಅಳಿಯುವುದು ದೊಡ್ಡ ವಿಗ್ರಹವಲ್ಲ. ನೊಣದ ರೆಕ್ಕೆ, ಕಿರುಶಿಖರದ ಕಲಶ, ಶಿಲ್ಪಿಯ ಹೆಸರಿನ ಅಕ್ಷರ.

ಬರುವ ರಜಾದಿನಗಳಲ್ಲಿ ಮನೆಮಂದಿಯೆಲ್ಲ ಅರಸೀಕೆರೆಗೋ ಜಾವಗಲ್ಲಿಗೋ ಹೋದಾಗ, ಮಕ್ಕಳ ಕೈಗೆ ಒಂದು ಹಾಳೆ, ಒಂದು ಪೆನ್ಸಿಲು ಕೊಡಿ. ಒಂದೇ ಒಂದು ಕಿರುಶಿಖರವನ್ನು ಆರಿಸಿ, ಮುಟ್ಟದೆ, ಅಂತಸ್ತುಗಳನ್ನು ಎಣಿಸಿ ಬರೆದುಕೊಳ್ಳಲು ಹೇಳಿ. ಹಿರಿಯರೂ ಅವರೊಡನೆ ಅರ್ಧ ಗಳಿಗೆ ನಿಂತು ನೋಡಲಿ ಎಂಬುದು ನಮ್ಮ ವಿನಂತಿ.