ಗುರಾಣಿಯ ಬಣ್ಣ, ಕಣ್ಣಿನ ಅಳತೆ

ಕ್ರಿ. ಶ. ೧೩೦೦ನೆಯ ಇಸವಿಯ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನು ಸ್ಕಾಟ್ಲೆಂಡಿನ ಕೇರ್ಲಾವ್ರಾಕ್ ಎಂಬ ಮುಮ್ಮೂಲೆಯ ಕೋಟೆಗೆ ಮುತ್ತಿಗೆ ಹಾಕಿದನು. ಕೋಟೆಯೊಳಗೆ ಇದ್ದವರು ಸುಮಾರು ಅರವತ್ತು ಮಂದಿ. ಅವರು ಬಹುಕಾಲ ಎದುರು ನಿಲ್ಲಲಿಲ್ಲ. ಯುದ್ಧಗಳ ಚರಿತ್ರೆಯಲ್ಲಿ ಇದು ಒಂದು ಅಲ್ಪ ಪ್ರಸಂಗವೇ ಸರಿ. ಆದರೂ ಈ ಮುತ್ತಿಗೆಯ ಹೆಸರು ಇಂದಿಗೂ ಉಳಿದಿರುವುದಕ್ಕೆ ಒಂದು ಕಾರಣವುಂಟು. ಹೆಸರು ತಿಳಿಯದ ಕವಿಯೊಬ್ಬನು ಆ ಸೇನೆಯಲ್ಲಿದ್ದ ನೂರಕ್ಕೂ ಮಿಕ್ಕ ಸರದಾರರ ಪತಾಕೆಗಳನ್ನೂ ಗುರಾಣಿಗಳನ್ನೂ ಹಳೆಯ ಫ್ರೆಂಚ್ ಭಾಷೆಯ ಪದ್ಯದಲ್ಲಿ ಒಂದೊಂದಾಗಿ ವರ್ಣಿಸಿ ಇಟ್ಟಿದ್ದಾನೆ. ಬಣ್ಣ ಯಾವುದು, ಆಕೃತಿ ಯಾವುದು, ಅದರ ಸ್ಥಾನ ಯಾವುದು—ಎಲ್ಲವೂ ಮಾತಿನಲ್ಲಿಯೇ ಇದೆ. ಏಳು ಶತಮಾನಗಳು ಕಳೆದ ಮೇಲೂ ಆ ಮಾತನ್ನು ಓದಿ ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಬೊಂಬೆಯ ಮೇಲೆ ಅದೇ ಗುರಾಣಿಯನ್ನು ಮತ್ತೆ ಬಿಡಿಸಬಹುದು. ಹಾಗೆ ಬಿಡಿಸುವವರು ಜಗತ್ತಿನಲ್ಲಿ ಬಹಳ ಮಂದಿ ಇದ್ದಾರೆ.

ಇವರು ಮೇಜಿನ ಮೇಲೆ ಯುದ್ಧಕ್ರೀಡೆಯನ್ನು ಆಡುವವರು. ಚದುರಂಗದ ನಾಡಿನವರಾದ ನಮಗೆ ಇದು ತೀರ ಹೊಸದೆನಿಸಲಾರದು. ೧೮೨೪ರಲ್ಲಿ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿಯು ಪ್ರಶ್ಯದ ಸೈನ್ಯದ ಶಿಕ್ಷಣಕ್ಕಾಗಿ ನಕ್ಷೆಯ ಮೇಲೆ ಆಡುವ ಆಟವೊಂದನ್ನು ಪ್ರಕಟಿಸಿದನು. ೧೯೧೩ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಆಟಿಕೆಯ ಸೈನಿಕರಿಂದ ಆಡುವ ನಿಯಮಗಳನ್ನು ಒಂದು ಪುಸ್ತಕವಾಗಿಯೇ ಬರೆದನು. ಈಗಿನ ಬೊಂಬೆಗಳು ತವರದ ಮಿಶ್ರಲೋಹದವು ಇಲ್ಲವೆ ಪ್ಲಾಸ್ಟಿಕ್ಕಿನವು. ಹಳೆಯ ಬೊಂಬೆಗಳಲ್ಲಿ ಸೀಸ ಸೇರಿರುತ್ತಿತ್ತು. ಅಂಥವು ಕೈಗೆ ಸಿಕ್ಕರೆ ಅರದಿಂದ ಉಜ್ಜಿ ಅದರ ಧೂಳನ್ನು ಉಸಿರಿಗೆ ಸೇರಿಸಿಕೊಳ್ಳಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಬೊಂಬೆಗಳಲ್ಲಿ ಹಲವು ಅಳತೆಗಳಿದ್ದರೂ ಈ ಲೇಖನದ ಲೆಕ್ಕಕ್ಕೆ ೧:೭೨ರ ಪ್ರಮಾಣವನ್ನು ಇಟ್ಟುಕೊಳ್ಳೋಣ. ಇದರಲ್ಲಿ ೧೭೫ ಸೆಂಟಿಮೀಟರ್ ಎತ್ತರದ ಮನುಷ್ಯನು ೨೪ ಮಿಲಿಮೀಟರಿಗೆ ಇಳಿಯುತ್ತಾನೆ.

ಸರದಾರರಿಗೆ ಗುರಾಣಿಯ ಮೇಲೆ ಚಿತ್ರವೇಕೆ ಬೇಕಾಯಿತು? ೧೦೬೬ರ ಹೇಸ್ಟಿಂಗ್ಸ್ ಕಾಳಗದಲ್ಲಿ ನಾರ್ಮಂಡಿಯ ವಿಲಿಯಂ ಸತ್ತನೆಂಬ ಸುದ್ದಿ ಹಬ್ಬಿದಾಗ ಅವನು ತನ್ನ ಶಿರಸ್ತ್ರಾಣವನ್ನು ಹಿಂದಕ್ಕೆ ಸರಿಸಿ ಮುಖ ತೋರಿಸಬೇಕಾಯಿತು. ಬೇಯೋ ಪಟ್ಟಣದ ಪ್ರಸಿದ್ಧ ಕಸೂತಿಪಟದಲ್ಲಿ ಈ ದೃಶ್ಯವಿದೆ. ಹನ್ನೆರಡನೆಯ ಶತಮಾನದ ನಡುಭಾಗದ ಹೊತ್ತಿಗೆ ಮನೆತನಕ್ಕೊಂದು ಸ್ಥಿರವಾದ ಲಾಂಛನವಿರುವ ಪದ್ಧತಿ ಬೇರೂರಿತು. ಮುಂದೆ ಮುಖವನ್ನು ಪೂರ್ತಿ ಮುಚ್ಚುವ ಶಿರಸ್ತ್ರಾಣ ಬಂದ ಮೇಲಂತೂ ಮನುಷ್ಯನಿಗೆ ಅವನ ಗುರಾಣಿಯೇ ಮುಖವಾಯಿತು. ಅದರಿಂದ ಪ್ರಾಣವೂ ಉಳಿಯುತ್ತಿತ್ತು. ಸೆರೆಸಿಕ್ಕ ಶ್ರೀಮಂತನನ್ನು ಕೊಲ್ಲುವುದಕ್ಕಿಂತ ಹಣ ಪಡೆದು ಬಿಡುವುದೇ ಲಾಭವೆಂದು ಶತ್ರುವಿಗೆ ತಿಳಿದಿತ್ತು. ಆದರೆ ಇವನು ಶ್ರೀಮಂತನೆಂದು ಗೊತ್ತಾಗಬೇಕಷ್ಟೆ. ೧೩೧೪ರ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಗ್ಲಾಸ್ಟರಿನ ಅರ್ಲ್ ಗಿಲ್ಬರ್ಟ್ ಡ ಕ್ಲೇರ್ ತನ್ನ ಲಾಂಛನವಿದ್ದ ಮೇಲಂಗಿಯನ್ನು ತೊಡದೆ ನುಗ್ಗಿದ್ದರಿಂದಲೇ, ಇವನಾರೆಂದು ತಿಳಿಯದ ಸ್ಕಾಟರು ಅವನನ್ನು ಕೊಂದರೆಂಬ ವೃತ್ತಾಂತವುಂಟು. ೧೪೭೧ರ ಬಾರ್ನೆಟ್ ಕಾಳಗದ ಕಥೆ ಇನ್ನೂ ವಿಷಾದಕರವಾದುದು. ದಟ್ಟವಾದ ಮಂಜಿನಲ್ಲಿ ಆಕ್ಸ್‌ಫರ್ಡ್ ಅರ್ಲನ ಕಿರಣಯುಕ್ತ ನಕ್ಷತ್ರವನ್ನು ವೈರಿ ದೊರೆಯ ಸೂರ್ಯಲಾಂಛನವೆಂದು ತಿಳಿದು ವಾರಿಕ್ ಅರ್ಲನ ಕಡೆಯವರು ತಮ್ಮ ಮಿತ್ರರ ಮೇಲೆಯೇ ಬಾಣ ಬಿಟ್ಟರೆಂದು ಆ ಕಾಲದ ಚರಿತ್ರೆಗಾರನೊಬ್ಬನು ಬರೆದಿದ್ದಾನೆ.

ದೂರದಿಂದ, ಕ್ಷಣಮಾತ್ರದಲ್ಲಿ, ತಪ್ಪಿಲ್ಲದೆ ಗುರುತು ಸಿಗಬೇಕು. ಈ ಅಗತ್ಯದಿಂದ ಹುಟ್ಟಿದ ನಿಯಮವು ದೃಷ್ಟಿವಿಜ್ಞಾನದ ವಿದ್ಯಾರ್ಥಿಗೆ ಬೆರಗು ಹುಟ್ಟಿಸುವಂಥದು. ಲಾಂಛನಕಾರರು ವರ್ಣಗಳನ್ನು ಎರಡು ಪಂಗಡ ಮಾಡಿದರು. ಚಿನ್ನ, ಬೆಳ್ಳಿ—ಎಂದರೆ ಹಳದಿ, ಬಿಳಿ—ಇವು ‘ಲೋಹಗಳು’. ಕೆಂಪು, ನೀಲಿ, ಕಪ್ಪು, ಹಸುರು, ನೇರಿಳೆ ಇವು ‘ಬಣ್ಣಗಳು’. ಲೋಹದ ಮೇಲೆ ಲೋಹವನ್ನು ಇಡಬಾರದು, ಬಣ್ಣದ ಮೇಲೆ ಬಣ್ಣವನ್ನು ಇಡಬಾರದು. ಚಿನ್ನದ ಮೇಲೆ ಕೆಂಪು ಸರಿ. ನೀಲಿಯ ಮೇಲೆ ಕೆಂಪು ಸಲ್ಲದು. ಜೆರೂಸಲೇಮಿನ ರಾಜ್ಯವು ಬೆಳ್ಳಿಯ ಮೇಲೆ ಚಿನ್ನದ ಶಿಲುಬೆಗಳನ್ನು ಧರಿಸಿ ಇದನ್ನು ಮುರಿಯಿತು. ಅದು ಅಪವಾದವೆಂದೇ ಹೆಸರಾಯಿತು.

ಇದರ ಮರ್ಮವು ನಮ್ಮ ಅಕ್ಷಿಪಟದಲ್ಲಿದೆ. ಆಕೃತಿಯ ಸೂಕ್ಷ್ಮ ವಿವರಗಳನ್ನು ನಾವು ಗ್ರಹಿಸುವುದು ಬಹುಮಟ್ಟಿಗೆ ಬೆಳಕಿನ ಏರಿಳಿತದಿಂದ, ವರ್ಣದ ವ್ಯತ್ಯಾಸದಿಂದಲ್ಲ. ಬಣ್ಣವನ್ನು ಗುರುತಿಸುವ ಶಂಕುಕೋಶಗಳಲ್ಲಿ ನೀಲಿಗೆ ಸ್ಪಂದಿಸುವವು ನೂರಕ್ಕೆ ಹತ್ತಕ್ಕಿಂತಲೂ ಕಡಮೆ. ನೋಟದ ನಟ್ಟನಡುವಿನ ಬಿಂದುವಿನಲ್ಲಿ ಅವು ಇಲ್ಲವೇ ಇಲ್ಲ. ಆದ್ದರಿಂದ ಹೊಳಪಿನಲ್ಲಿ ಸರಿಸಮಾನವಾದ ಎರಡು ಬಣ್ಣಗಳ ನಡುವಣ ಗಡಿ ದೂರದಲ್ಲಿ ಕರಗಿಹೋಗುತ್ತದೆ. ಹಳದಿ, ಬಿಳಿಗಳು ಬಿದ್ದ ಬೆಳಕಿನ ಬಹುಭಾಗವನ್ನು ಹಿಂದಿರುಗಿಸುತ್ತವೆ, ಉಳಿದವು ನುಂಗಿಕೊಳ್ಳುತ್ತವೆ. ಲೋಹ-ಬಣ್ಣಗಳ ನಿಯಮವೆಂದರೆ ಬೆಳಕು-ಕತ್ತಲೆಗಳ ನಿಯಮವೆಂದೇ ಅರ್ಥ. ನಮ್ಮ ರೈಲ್ವೆ ನಿಲ್ದಾಣಗಳ ಹಳದಿ ಫಲಕದ ಮೇಲಿನ ಕಪ್ಪು ಅಕ್ಷರಗಳೂ, ವಾಹನಗಳ ಬಿಳಿ ಇಲ್ಲವೆ ಹಳದಿ ಫಲಕದ ಮೇಲಿನ ಕಪ್ಪು ಅಂಕಿಗಳೂ, ವಿದ್ಯುತ್ ಕಾರಿನ ಹಸುರು ಫಲಕದ ಬಿಳಿ ಅಂಕಿಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ. ಕರ್ನಾಟಕದ ರಾಜ್ಯಲಾಂಛನದಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡವಿದೆ. ಮಧ್ಯಯುಗದ ಲಾಂಛನಕಾರನು ಅದನ್ನು ಕಂಡಿದ್ದರೆ ತಲೆದೂಗುತ್ತಿದ್ದನು.

ಇನ್ನು ಕುಂಚವನ್ನು ಕೈಗೆತ್ತಿಕೊಳ್ಳೋಣ. ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲ ಕನಿಷ್ಠ ಕೋನ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಒಂದು ಮೀಟರ್ ದೂರದ ಮೇಜಿನ ಮೇಲೆ ಇದು ೦.೨೯ ಮಿಲಿಮೀಟರ್ ಆಗುತ್ತದೆ. ಇದಕ್ಕಿಂತ ಕಿರಿದಾಗಿ ಬಿಡಿಸಿದ್ದು ಆಟಗಾರನ ಪಾಲಿಗೆ ವ್ಯರ್ಥ. ಸರದಾರನ ಸರಪಣಿ ಅಂಗಿಯ ಉಂಗುರವನ್ನು ಒಂದು ಸೆಂಟಿಮೀಟರ್ ಅಗಲದ್ದೆಂದು ಭಾವಿಸಿದರೆ, ೧:೭೨ರಲ್ಲಿ ಅದು ೦.೧೪ ಮಿಲಿಮೀಟರಿಗೆ ಇಳಿಯುತ್ತದೆ. ಎಂದರೆ ಕಾಣುವುದೇ ಇಲ್ಲ. ಆದುದರಿಂದಲೇ ಬೊಂಬೆ ಕೆತ್ತುವವರು ಉಂಗುರಗಳನ್ನು ಬೇಕೆಂದೇ ದಪ್ಪವಾಗಿ ಕೆತ್ತುತ್ತಾರೆ.

ಎಲ್ಲವನ್ನೂ ಕುಗ್ಗಿಸಬಹುದು, ಬಣ್ಣವನ್ನು ಮಾತ್ರ ಕುಗ್ಗಿಸಲಾಗದು. ಎರಡು ಮೂರು ಪದರಗಳು ಒಣಗಿ ೦.೦೫ ಮಿಲಿಮೀಟರ್ ದಪ್ಪವಾದುವೆನ್ನಿ. ಎಪ್ಪತ್ತೆರಡರಿಂದ ಗುಣಿಸಿ ನೋಡಿರಿ: ೩.೬ ಮಿಲಿಮೀಟರ್! ರೇಷ್ಮೆಯ ಮೇಲಂಗಿ ತೊಟ್ಟ ಸರದಾರನಿಗೆ ನಾವು ಕಂಬಳಿ ಹೊದಿಸಿದಂತಾಯಿತು. ಬಣ್ಣವನ್ನು ನೀರಿನಿಂದ ತೆಳುವಾಗಿಸಿ ಹಚ್ಚಬೇಕೆಂದು ಬಲ್ಲವರು ಹೇಳುವುದು ಈ ಕಾರಣದಿಂದ. ಲೋಹವರ್ಣದ ಬಣ್ಣಗಳಲ್ಲಿಯೂ ಇದೇ ತೊಡಕು. ಅವುಗಳ ಮಿನುಗಿಗೆ ಅಲ್ಯೂಮಿನಿಯಮ್ಮಿನ ಇಲ್ಲವೆ ಅಭ್ರಕದ ಸಣ್ಣ ಹಲ್ಲೆಗಳು ಕಾರಣ. ೦.೦೩ ಮಿಲಿಮೀಟರ್ ಅಗಲದ ಹಲ್ಲೆಯು ಬೊಂಬೆಯ ಲೋಕದಲ್ಲಿ ಸಾಸಿವೆ ಕಾಳಿನಷ್ಟು ಅಗಲದ ತಗಡಾಗುತ್ತದೆ. ಅದು ಪ್ರತ್ಯೇಕವಾಗಿ ಕಾಣದಿದ್ದರೂ ಅದರ ಮಿಂಚು ಕಾಣುತ್ತದೆ. ಹಾಗಾಗಿ ಲಾಂಛನದ ‘ಚಿನ್ನ’ಕ್ಕೆ ಚಿನ್ನದ ಬಣ್ಣವನ್ನು ಬಳಿಯುವುದು ನನಗೆ ಒಪ್ಪಿಗೆಯಾಗದು. ಕೇರ್ಲಾವ್ರಾಕಿನ ಕವಿಯೂ ನನ್ನ ಪಕ್ಷದವನೇ. ಮೊದಲನೆಯ ದಳವನ್ನು ನಡಸಿದ ಲಿಂಕನ್ ಅರ್ಲ್ ಹೆನ್ರಿ ಡ ಲೇಸಿಯ ಪತಾಕೆ ಕೇಸರಿ ಬಣ್ಣದ ರೇಷ್ಮೆಯದು, ಅದರ ಮೇಲೆ ನಿಂತ ನೇರಿಳೆ ಸಿಂಹ ಎಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಬಟ್ಟೆಗೆ ಹಾಕಿದ ಬಣ್ಣವು ಬಟ್ಟೆಯಂತೆಯೇ ಕಾಣಬೇಕು.

ಬೊಂಬೆಗೆ ನೆರಳನ್ನೂ ನಾವೇ ಬರೆಯಬೇಕು. ವಸ್ತು ಚಿಕ್ಕದಾದರೆ ಅದರ ಮೇಲೆ ಬೀಳುವ ನೆರಳು ಕ್ಷೀಣಿಸುತ್ತದೆಂದು ಹಲವರು ಹೇಳುವುದುಂಟು. ಇದು ಸರಿಯಲ್ಲ. ಬೆಳಕು ಬರುವ ಕೋನಗಳು ಒಂದೇ ಆಗಿದ್ದರೆ, ಆಕೃತಿ ಎಷ್ಟು ಕುಗ್ಗಿದರೂ ನೆರಳು ಅದೇ ಪ್ರಮಾಣದಲ್ಲಿ ಕುಗ್ಗುವುದಲ್ಲದೆ ಅಳಿಸಿಹೋಗುವುದಿಲ್ಲ. ಬದಲಾಗಿರುವುದು ದೀಪ. ರಣರಂಗದಲ್ಲಿ ಬೆಳಕು ಕೊಟ್ಟ ಸೂರ್ಯನು ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಜಾಗವನ್ನು ಮಾತ್ರ ಹಿಡಿಯುತ್ತಾನೆ. ಅವನ ನೆರಳಿನ ಅಂಚು ಹರಿತ. ಮೇಜಿನಿಂದ ಒಂದೂವರೆ ಮೀಟರ್ ಮೇಲಿರುವ ೧.೨ ಮೀಟರ್ ಉದ್ದದ ಕೊಳವೆದೀಪವು ಸುಮಾರು ೪೪ ಡಿಗ್ರಿಗಳಷ್ಟು ಚಾಚಿಕೊಂಡಿರುತ್ತದೆ. ಗೋಡೆ, ಚಾವಣಿಗಳೂ ಬೆಳಕನ್ನು ಚೆಲ್ಲುತ್ತವೆ. ಮಡಿಕೆಗಳೊಳಕ್ಕೆ ಎಲ್ಲ ಕಡೆಯಿಂದಲೂ ಬೆಳಕು ನುಸುಳಿ ನೆರಳನ್ನು ತೊಳೆದುಹಾಕುತ್ತದೆ. ಜೊತೆಗೆ ಮೇಲೆ ಹೇಳಿದ ಬಣ್ಣದ ಕಂಬಳಿಯು ಮಡಿಕೆಗಳನ್ನು ತುಂಬಿಬಿಟ್ಟಿರುತ್ತದೆ. ಬೊಂಬೆ ಚಪ್ಪಟೆಯಾಗಿ ಕಾಣಲು ಇವೇ ಕಾರಣಗಳು.

ಚಿಕ್ಕ ಬೊಂಬೆಗೆ ತಿಳಿಯಾದ ಬಣ್ಣ ಹಚ್ಚಬೇಕೆಂಬ ಮಾತು ಸರಿಯೇ. ಆದರೆ ಅದಕ್ಕೆ ಕೊಡುವ ಕಾರಣವನ್ನು ಸ್ವಲ್ಪ ತೂಗಿ ನೋಡಬೇಕು. ಒಂದು ಮೀಟರ್ ದೂರದ ಬೊಂಬೆಯು ೭೨ ಮೀಟರ್ ದೂರದ ಮನುಷ್ಯನಿಗೆ ಸಮ. ನಡುವಣ ಗಾಳಿಯಿಂದ ಬಣ್ಣ ಮಸುಕಾಗುತ್ತದೆ ಎನ್ನುತ್ತಾರೆ. ಇಪ್ಪತ್ತು ಕಿಲೋಮೀಟರ್ ದೂರ ಕಾಣುವ ಸಾಮಾನ್ಯ ದಿನದಲ್ಲಿ ೭೨ ಮೀಟರ್ ಗಾಳಿ ಕಳೆಯುವ ಸ್ಪಷ್ಟತೆ ನೂರಕ್ಕೆ ಒಂದೂವರೆ ಪಾಲೂ ಇಲ್ಲ. ನಿಜವಾದ ಕಾರಣ ಮನೆಯೊಳಗಿನ ಮಬ್ಬು. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಕೋಣೆಯ ದೀಪ ಕೆಲವೇ ನೂರು ಲಕ್ಸ್. ಬೆಳಕು ತಗ್ಗಿದಷ್ಟೂ ಬಣ್ಣಗಳ ಕಾಂತಿ ಕುಂದಿದಂತೆ ನಮಗೆ ತೋರುತ್ತದೆ.

ಕಳೆದುಹೋದ ನೆರಳನ್ನು ಮರಳಿ ತರುವ ಉಪಾಯ ಸರಳವಾದುದು. ಕಪ್ಪು ಅಥವಾ ಕಂದು ಬಣ್ಣವನ್ನು ಬಹಳ ನೀರಾಗಿಸಿ ಬೊಂಬೆಯ ಮೇಲೆ ಹರಿಸಿದರೆ, ಲೋಮನಾಳದಲ್ಲಿ ದ್ರವವೇರುವ ಬಲದಿಂದಲೇ ಅದು ಸಂದುಗಳಿಗೆ ಸೇರಿಕೊಂಡು ಅಲ್ಲಿಯೇ ಒಣಗುತ್ತದೆ. ಒಣಗಿದ ಬಳಿಕ, ಬಣ್ಣವನ್ನು ಬಹುಪಾಲು ಒರಸಿಹಾಕಿದ ಕುಂಚವನ್ನು ಮೇಲೆ ಮೇಲೆ ಸವರಿದರೆ ಉಬ್ಬುಗಳು ಮಾತ್ರ ತಿಳಿಯಾಗುತ್ತವೆ. ಸರಪಣಿ ಅಂಗಿಗೆ ಇದಕ್ಕಿಂತ ಉತ್ತಮ ಮಾರ್ಗವಿಲ್ಲ. ಆದರೆ ಸಪಾಟಾದ ಗುರಾಣಿಯ ಮೇಲೆ ಈ ನೀರು ಬಣ್ಣ ನಿಂತರೆ ಅಂಚಿನಲ್ಲಿ ಉಂಗುರದಂಥ ಕಲೆ ಉಳಿಯುತ್ತದೆ. ಚೆಲ್ಲಿದ ಕಾಫಿಯ ಕಲೆಯೂ ಹೀಗೆಯೇ ಅಲ್ಲವೆ? ಹನಿಯ ಅಂಚು ಕದಲದೆ ನಿಂತು ಬೇಗ ಆರುವುದರಿಂದ ನಡುವಿನ ದ್ರವವು ಕಣಗಳನ್ನು ಹೊತ್ತು ಅಂಚಿಗೆ ಹರಿಯುತ್ತದೆಂದು ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು ೧೯೯೭ರಲ್ಲಿ ತೋರಿಸಿಕೊಟ್ಟರು. ಗುರಾಣಿಗೆ ಈ ಉಪಾಯ ಬೇಡ.

ಈಗ ಒಂದು ಗುರಾಣಿಯನ್ನು ಬಿಡಿಸೋಣ. ಲೇಸಿಯ ಬಳಿಯಲ್ಲೇ ಇದ್ದ ರಾಬರ್ಟ್ ಫಿಟ್ಸ್‌ವಾಲ್ಟರನ ಲಾಂಛನ: ಚಿನ್ನದ ನೆಲ, ನಡುವೆ ಕೆಂಪು ಅಡ್ಡಪಟ್ಟಿ, ಅದರ ಮೇಲೊಂದು ಕೆಳಗೊಂದು ಕೆಂಪು ‘ಷೆವ್ರನ್’. ಷೆವ್ರನ್ ಎಂದರೆ ಫ್ರೆಂಚಿನಲ್ಲಿ ಸೂರಿನ ಪಕಾಸು. ಎರಡು ಪಕಾಸುಗಳು ಮೇಲೆ ಕೂಡಿದ ಆಕಾರ. ನಿಜವಾದ ಗುರಾಣಿ ೬೫ ಸೆಂಟಿಮೀಟರ್ ಎತ್ತರವಿದ್ದಿತೆಂದುಕೊಂಡರೆ ಬೊಂಬೆಯದು ೯ ಮಿಲಿಮೀಟರ್. ಮೊದಲು ಗುರಾಣಿಗೆಲ್ಲ ಬಿಳಿ ಬಳಿಯಬೇಕು. ಬಿಳಿಗೆ ಬಳಸುವ ಟೈಟಾನಿಯಂ ಡೈಆಕ್ಸೈಡಿನ ವಕ್ರೀಭವನಾಂಕ ಸುಮಾರು ೨.೭, ಅದನ್ನು ಹಿಡಿದಿಡುವ ಅಕ್ರಿಲಿಕ್ ಅಂಟಿನದು ೧.೫, ಈ ಅಂತರದಿಂದ ಬೆಳಕು ಚದರಿ ಅಡಿಯ ಬಣ್ಣ ಮುಚ್ಚಿಹೋಗುತ್ತದೆ. ಈಗಿನ ಹಳದಿಗಳಲ್ಲಿ ಅನೇಕವು ಅರೆಪಾರದರ್ಶಕ. ಕಪ್ಪಿನ ಮೇಲೆ ಎಷ್ಟು ಬಳಿದರೂ ಕೊಳೆ ಹಸುರಾಗಿಯೇ ಕಾಣುತ್ತವೆ. ಬಿಳಿಯ ಮೇಲೆ ಹಳದಿ, ಅದು ಆರಿದ ಮೇಲೆ ಕೆಂಪು: ಈ ಕ್ರಮವನ್ನು ತಿರುವುಮುರುವು ಮಾಡಬಾರದು. ಅಡ್ಡಪಟ್ಟಿಯನ್ನು ಮೊದಲು ಎಳೆದುಕೊಂಡರೆ ಷೆವ್ರನ್ನುಗಳ ಸ್ಥಾನ ತಾನಾಗಿ ತಿಳಿಯುತ್ತದೆ. ಗೆರೆ ಸೊಟ್ಟಗಾದರೆ ಹಳದಿಯಿಂದ ತಿದ್ದಲು ಹೋಗದೆ, ಅಲ್ಲಿಗೆ ಬಿಳಿ ಇಟ್ಟು ಆ ಮೇಲೆ ಹಳದಿ ಇಡಬೇಕು.

ಎಲ್ಲ ಸರದಾರರೂ ಇಷ್ಟು ಸೌಮ್ಯರಲ್ಲ. ಹೆರಿಫರ್ಡ್ ಅರ್ಲ್ ಹಂಫ್ರಿ ಡ ಬೋನನ ನೀಲಿ ಗುರಾಣಿಯಲ್ಲಿ ಬೆಳ್ಳಿಯ ಓರೆಪಟ್ಟಿ, ಅದರ ಇಕ್ಕೆಲಗಳಲ್ಲಿ ಸಣ್ಣ ಚಿನ್ನದ ಪಟ್ಟಿಗಳು, ಸಾಲದೆಂದು ಆರು ಚಿನ್ನದ ಸಿಂಹಗಳು! ಒಂದೊಂದು ಸಿಂಹಕ್ಕೂ ಸಿಕ್ಕುವುದು ಎರಡು ಮಿಲಿಮೀಟರ್ ಜಾಗ. ಅದರ ಕಾಲಿನ ದಪ್ಪ ಕಣ್ಣಿನ ಮಿತಿಗೆ ತಾಗುತ್ತದೆ. ಇಲ್ಲಿ ಉಗುರು, ನಾಲಿಗೆಗಳ ಹಂಬಲವನ್ನು ಬಿಟ್ಟು, ಬಾಗಿದ ಬೆನ್ನೊಂದು, ಎತ್ತಿದ ಮುಂಗಾಲೊಂದು, ಬಾಲವೊಂದು—ಮೂರು ಗೀಟುಗಳನ್ನು ಹಾಕಿದರೆ ಸಾಕು. ಒಂದು ಮೀಟರ್ ದೂರದಿಂದ ನೋಡುವವನ ಮಿದುಳು ಉಳಿದ ಸಿಂಹವನ್ನು ತಾನೇ ಪೂರ್ಣಗೊಳಿಸಿಕೊಳ್ಳುತ್ತದೆ. ಬ್ರಯನ್ ಫಿಟ್ಸ್ಅಲನ್, ಹ್ಯೂ ಪಾಯಿಂಟ್ಸ್ ಇವರಿಬ್ಬರೂ ಚಿನ್ನ-ಕೆಂಪು ಅಡ್ಡಗೆರೆಗಳ ಒಂದೇ ಲಾಂಛನವನ್ನು ಧರಿಸಿ ಅದು ತನ್ನದೆಂದು ಜಗಳವಾಡುತ್ತಿದ್ದರೆಂದು ಕವಿ ಹೇಳುತ್ತಾನೆ. ಬಣ್ಣ ಹಚ್ಚುವವನಿಗೆ ಮಾತ್ರ ಈ ವ್ಯಾಜ್ಯದಿಂದ ಲಾಭ: ಒಂದೇ ಬೊಂಬೆಯನ್ನು ಇಬ್ಬರೆಂದು ಮೇಜಿಗೆ ಇಳಿಸಬಹುದು.

ಕೊನೆಗೆ ಮೆರುಗಿಲ್ಲದ ವಾರ್ನಿಷ್. ಇದರೊಳಗಿನ ಸಿಲಿಕ ಕಣಗಳು ಮೇಲ್ಮೈಯನ್ನು ತರಕಾಗಿಸಿ ಬೆಳಕನ್ನು ಚದರಿಸುವುದರಿಂದ ಬಟ್ಟೆ ಬಟ್ಟೆಯಂತೆ ತೋರುತ್ತದೆ. ಡಬ್ಬಿಯಿಂದ ಸಿಂಪಡಿಸುವ ವಾರ್ನಿಷನ್ನು ಮಳೆಗಾಲದಲ್ಲಿ, ಅದರಲ್ಲಿಯೂ ಕರಾವಳಿಯಲ್ಲಿ, ಬಳಸುವಾಗ ಎಚ್ಚರಿಕೆ ಬೇಕು. ದ್ರಾವಕವು ಆರುವಾಗ ಬೊಂಬೆ ತಣ್ಣಗಾಗಿ, ತೇವದ ಗಾಳಿಯ ನೀರು ಅದರ ಮೇಲೆ ಇಬ್ಬನಿಯಾಗಿ ಕುಳಿತು, ವಾರದ ಶ್ರಮವೆಲ್ಲ ಬಿಳಿಯ ಮಬ್ಬಿನಲ್ಲಿ ಮುಳುಗೀತು. ಮೋಡವಿಲ್ಲದ ಒಣ ದಿನಕ್ಕಾಗಿ ಕಾಯುವುದು ಲೇಸು. ಕಾಯಲಾರದವರು ಕುಂಚದಿಂದಲೇ ಹಚ್ಚಬಹುದು. ಶಿರಸ್ತ್ರಾಣಕ್ಕೂ ಕತ್ತಿಯ ಅಲಗಿಗೂ ಮಾತ್ರ ಮೆರುಗಿನ ವಾರ್ನಿಷ್ ಒಂದೊಂದು ಹನಿ ಇಟ್ಟು, ಧೂಳು ಬೀಳದಂತೆ ಮೇಲೊಂದು ಲೋಟ ಬೋರಲು ಹಾಕಿ ರಾತ್ರಿಯೆಲ್ಲ ಆರಲು ಬಿಡಬೇಕು.